ಮಾತ್ರೆ ಮಡಿಕೇರಿಯಲ್ಲಿ ಸಿಗುತ್ತದೆ, ಜೊತೆ ಎಲ್ಲಿ ಸಿಗುತ್ತದೆ?

ಮಾನಸಿಕ ಆರೋಗ್ಯದ ಸುದ್ದಿಗಳು ಇತ್ತೀಚೆಗೆ ಒಂದರ ಬೆನ್ನಿಗೆ ಒಂದು ಬಂದಿವೆ. 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂತು. ಆತ್ಮಹತ್ಯೆಗೆ ಯತ್ನಿಸಿದವರನ್ನೇ ಅಪರಾಧಿ ಮಾಡುತ್ತಿದ್ದ, ಹಳೆಯ ದಂಡ ಸಂಹಿತೆ ಐಪಿಸಿಯ 309ನೇ ಸೆಕ್ಷನ್ ಹೊಸ ಸಂಹಿತೆಯಲ್ಲಿ ಇಲ್ಲ. 2025ರ ಮಾರ್ಚ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊಸ ಮಾರ್ಗಸೂಚಿ ಹೊರಡಿಸಿತು. ಮಾನಸಿಕ ಆರೋಗ್ಯದ ನೀತಿ ಮಾಡುವಾಗ ಆ ಕಷ್ಟ ಅನುಭವಿಸಿದವರನ್ನೇ ಪಕ್ಕದಲ್ಲಿ ಕೂರಿಸಿಕೊಳ್ಳಿ ಎಂದು ದೇಶಗಳಿಗೆ ಹೇಳಿತು. ಅದೇ ವರ್ಷ ಜುಲೈನಲ್ಲಿ ಸುಪ್ರೀಂ ಕೋರ್ಟ್, ವಿಶಾಖಪಟ್ಟಣದಲ್ಲಿ ನೀಟ್‌ಗೆ ಓದುತ್ತಿದ್ದ ವಿದ್ಯಾರ್ಥಿನಿಯ ಸಾವಿನ ಪ್ರಕರಣದಲ್ಲಿ, ಮಾನಸಿಕ ಆರೋಗ್ಯವೂ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದಿತು.

ಇವನ್ನೆಲ್ಲ ಓದುವಾಗ ‘ಪೀರ್ ಸಪೋರ್ಟ್’ ಅನ್ನೋ ಮಾತು ಆಗಾಗ ಎದುರಾಗುತ್ತದೆ. ಮಾನಸಿಕ ಕಾಯಿಲೆ ಕಂಡು ಬಂದವರೇ ಸೇರಿ, ಅದೇ ದಾರಿಯಲ್ಲಿರುವ ಇನ್ನೊಬ್ಬರಿಗೆ ಆಸರೆಯಾಗುವುದು ಎಂದು ಅದರ ಅರ್ಥ. ಗೊಂದಲ ಶುರುವಾಗುವುದೂ ಇಲ್ಲೇ. ಕಾಯಿಲೆಯವರನ್ನು ಕಾಯಿಲೆಯವರೇ ನೋಡಿಕೊಳ್ಳೋದಾ? ಹಾಗಾದರೆ ಡಾಕ್ಟರು ಬೇಡವಾ? ಕಾನೂನಲ್ಲಿ ಇದಕ್ಕೆ ಜಾಗ ಇದೆಯಾ? ಅಥವಾ ಸರ್ಕಾರ ಕೈ ತೊಳೆದುಕೊಳ್ಳಲು ಹುಡುಕಿದ ದಾರಿನಾ ಇದು?

ಈ ಪ್ರಶ್ನೆಗಳಿಗೆ ದೆಹಲಿಯಲ್ಲಿ ಸಿಗುವ ಉತ್ತರ ಒಂದು. ಗುಡ್ಡ, ಮಳೆ, ತೋಟ, ತೋಟದ ಕೆಲಸದವರ ಲೈನ್ ಮನೆ, ಆದಿವಾಸಿಗಳ ಹಾಡಿಗಳ ಕೊಡಗಿನಲ್ಲಿ ಕೂತು ಕೇಳಿದರೆ ಸಿಗುವ ಉತ್ತರ ಇನ್ನೊಂದು.

ಒಂದೇ ಹೆಸರು, ನಾಲ್ಕು ಕೆಲಸ

ಈ ಹೆಸರಿನಡಿ ಕಡಿಮೆ ಅಂದರೂ ನಾಲ್ಕು ಬೇರೆ ಬೇರೆ ಕೆಲಸಗಳನ್ನು ತುರುಕಲಾಗುತ್ತಿದೆ. ಬಿಡಿಸಿ ನೋಡದಿದ್ದರೆ ಮುಂದಿನ ಚರ್ಚೆ ಹಳಿ ತಪ್ಪುತ್ತದೆ.

ಆಸ್ಪತ್ರೆಯಲ್ಲಿ ಕೂರುವ ಆಪ್ತಸಮಾಲೋಚಕರು ಒಂದು ಬಗೆ. ಅವರು ಅದಕ್ಕೇ ಓದಿ ಬಂದವರು. ಊರಿನವರಿಗೇ ಸ್ವಲ್ಪ ತರಬೇತಿ ಕೊಟ್ಟು ಮನೆಮನೆಗೆ ಕಳಿಸುವುದು ಎರಡನೆಯದು. ಜಿಂಬಾಬ್ವೆಯಲ್ಲಿ 2006ರಲ್ಲಿ ಶುರುವಾದ ‘ಫ್ರೆಂಡ್‌ಶಿಪ್ ಬೆಂಚ್’ ಈ ಸಾಲಿನದು. ಅಲ್ಲಿ ಕ್ಲಿನಿಕ್ಕಿನ ಹೊರಗೆ ಮರದ ಬೆಂಚಿನ ಮೇಲೆ ತರಬೇತಾದ ಅಜ್ಜಿಯರು ಕೂತು ಜನರ ಕಷ್ಟ ಕೇಳುತ್ತಾರೆ. ತುಂಬ ಒಳ್ಳೆಯ ಕೆಲಸ. ಆದರೆ ಆ ಅಜ್ಜಿಗೆ ಸ್ವತಃ ಕಾಯಿಲೆ ಬಂದಿರಬೇಕು ಎಂದೇನಿಲ್ಲ. ಮಗನನ್ನೋ ಹೆಂಡತಿಯನ್ನೋ ನೋಡಿಕೊಳ್ಳುವ ಮನೆಯವರ ಗುಂಪು ಮೂರನೆಯದು. ಅವರ ದಣಿವೂ ನಿಜ, ಅವರ ಕಷ್ಟವೂ ದೊಡ್ಡದು. ಹಾಗಿದ್ದರೂ ಕಾಯಿಲೆ ಅವರದಲ್ಲ.

ನಾಲ್ಕನೆಯದೇ ಇಲ್ಲಿ ನಾವು ಮಾತಾಡುತ್ತಿರುವುದು. ಕೇಳುವವರಿಗೂ ಹೇಳುವವರಿಗೂ ಕಾಯಿಲೆಯ ಅನುಭವ ಇದೆ. ಗುಂಪನ್ನು ನಡೆಸುವವರೂ ಅವರೇ. ಯಾವತ್ತು ಸೇರಬೇಕು, ಯಾರನ್ನು ಒಳಗೆ ಬಿಡಬೇಕು, ದುಡ್ಡು ಯಾರ ಕೈಯಲ್ಲಿರಬೇಕು ಎಂದು ತೀರ್ಮಾನ ಮಾಡುವವರೂ ಅವರೇ. ಇದಕ್ಕೆ ಹಳೆಯ ಉದಾಹರಣೆ 1935ರಲ್ಲಿ ಅಮೆರಿಕದ ಆಕ್ರನ್ ಊರಿನಲ್ಲಿ ಹುಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್. ಕುಡಿತ ಬಿಡಲು ಹೆಣಗುತ್ತಿದ್ದ ಇಬ್ಬರು ಒಬ್ಬರಿಗೊಬ್ಬರು ಜೊತೆಯಾದದ್ದೇ ಅದರ ಆರಂಭ. 1980ರ ದಶಕದಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ, ಬೇರೆಯವರಿಗೆ ಕೇಳಿಸದ ಧ್ವನಿ ಕಿವಿಯಲ್ಲಿ ಕೇಳಿಸುವವರು ತಮ್ಮದೇ ಗುಂಪು ಕಟ್ಟಿಕೊಂಡರು. ಧ್ವನಿ ಇದೆಯೋ ಇಲ್ಲವೋ ಎಂಬ ಜಗಳ ಅಲ್ಲಿರಲಿಲ್ಲ. ಕೇಳಿಸುತ್ತದೆ, ಸರಿ, ಅದರ ಜೊತೆ ದಿನ ಕಳೆಯೋದು ಹೇಗೆ ಅನ್ನೋದು ಅವರ ಪ್ರಶ್ನೆಯಾಗಿತ್ತು.

ನಮ್ಮ ಕಡೆ ಇದನ್ನು ಅರ್ಥ ಮಾಡಿಕೊಳ್ಳಲು ಅಷ್ಟು ದೂರ ಹೋಗಬೇಕಿಲ್ಲ. ಗದ್ದೆ ನಾಟಿಯ ಮುಯ್ಯಾಳು ನೆನಪು ಮಾಡಿಕೊಂಡರೆ ಸಾಕು. ಇವತ್ತು ನಿಮ್ಮ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀವು. ಅಲ್ಲಿ ಯಾರೂ ಕೂಲಿಯಾಳಲ್ಲ, ಯಾರೂ ಉಪಕಾರ ಮಾಡುತ್ತಿಲ್ಲ. ಈ ಗುಂಪಿನ ಒಳಗಿನ ಲೆಕ್ಕವೂ ಅದೇ. ಇವತ್ತು ನೆಟ್ಟಗೆ ಇರುವವರು ಇವತ್ತು ಕುಸಿದವರ ಪಕ್ಕ ಕೂರುತ್ತಾರೆ. ಮುಂದಿನ ತಿಂಗಳು ಜಾಗ ಅದಲು ಬದಲಾಗಬಹುದು. ಆದರೂ ಯಾರ ಮರ್ಯಾದೆಗೂ ಕುಂದಿಲ್ಲ.

ಗುಡ್ಡದ ಲೆಕ್ಕ

ಕೊಡಗಿನ ವಿಸ್ತೀರ್ಣ 4,102 ಚದರ ಕಿಲೋಮೀಟರ್. 2011ರ ಜನಗಣತಿಯಲ್ಲಿ ಜನಸಂಖ್ಯೆ ಸುಮಾರು 5 ಲಕ್ಷ 54 ಸಾವಿರ. ರೈಲಿಲ್ಲ. ಮಡಿಕೇರಿಯಲ್ಲಿ 2016ರಲ್ಲಿ ವೈದ್ಯಕೀಯ ಕಾಲೇಜು ಶುರುವಾದದ್ದು ದೊಡ್ಡ ಬದಲಾವಣೆಯೇ. ಅಲ್ಲಿಗೆ ಆಗದಿದ್ದರೆ 120 ಕಿಲೋಮೀಟರ್ ದೂರದ ಮೈಸೂರು, ಇಲ್ಲವೇ ಮಂಗಳೂರು. ಕೊನೆಗೆ ನಿಮ್ಹಾನ್ಸ್.

ದೇಶದ ಮಟ್ಟದ ಅಂಕಿ ಇಟ್ಟುಕೊಂಡು ಒಂದು ಸಣ್ಣ ಗುಣಾಕಾರ ಮಾಡೋಣ. ಭಾರತದಲ್ಲಿ 1 ಲಕ್ಷ ಜನಕ್ಕೆ ಸರಾಸರಿ 0.75 ಮನೋವೈದ್ಯರಿದ್ದಾರೆ, ಕನಿಷ್ಠ 3 ಇರಬೇಕು ಎಂದು 2023ರಲ್ಲಿ ಸಂಸದೀಯ ಸಮಿತಿಯ ವರದಿ ಹೇಳಿತ್ತು. ಆ ಸರಾಸರಿಯಲ್ಲಿ ಕೊಡಗಿನ ಪಾಲಿಗೆ ಬರುವುದು 4 ಜನ. ಇರಬೇಕಾದದ್ದು ಸುಮಾರು 17. ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೊಡ್ಡವರಲ್ಲಿ ಶೇ. 10.6ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಕಾಯಿಲೆ ಯಾವುದು ಎಂಬುದರ ಮೇಲೆ, ಚಿಕಿತ್ಸೆ ಸಿಗದವರ ಪ್ರಮಾಣ ಶೇ. 70ರಿಂದ 92ರವರೆಗೆ ಇತ್ತು. ಆ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ, ಹಾಗಾಗಿ ಇದನ್ನು ಕೊಡಗಿನ ಅಂಕಿ ಎಂದು ಓದಬಾರದು. ಅಂದಾಜಿಗೆ ಸಾಕು, ಅಷ್ಟೇ.

ಸರ್ಕಾರ ಸುಮ್ನೆ ಕೂತಿಲ್ಲ. ಇಡೀ ದೇಶ ಅನುಸರಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಮೊದಲು ರೂಪುಗೊಂಡದ್ದೇ ನಮ್ಮ ಬಳ್ಳಾರಿಯಲ್ಲಿ. 1996ರಲ್ಲಿ ಅದು ರಾಷ್ಟ್ರೀಯ ಯೋಜನೆಯಾಯಿತು. ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೇ ಬರುವ ‘ಮನೋಚೈತನ್ಯ’ ರಾಜ್ಯದ್ದೇ ಕಾರ್ಯಕ್ರಮ. 2022ರ ಅಕ್ಟೋಬರ್ 10ರಿಂದ 14416 ನಂಬರಿನ ಟೆಲಿ ಮಾನಸ್ ಸಹಾಯವಾಣಿ ಇದೆ, ಕನ್ನಡದಲ್ಲೂ ಮಾತಾಡಬಹುದು. ಮಲೆನಾಡಿನದೇ ಒಂದು ಪಾಠವೂ ಇದೆ. ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಸ್ಕಿಜೋಫ್ರೇನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆ ಇದ್ದವರನ್ನು ಊರೂರಿಗೆ ಹೋಗಿ ಹುಡುಕಿ, ಅಲ್ಲೇ ಚಿಕಿತ್ಸೆ ಕೊಟ್ಟು, ವರ್ಷಗಟ್ಟಲೆ ಅವರ ಬೆನ್ನಿಗೆ ನಿಂತ ನಿಮ್ಹಾನ್ಸ್ ತಂಡದ ಕೆಲಸ ಅದು. ಸರಿಯಾಗಿ ಔಷಧಿ ಸಿಕ್ಕಿದರೆ ಜನ ಮತ್ತೆ ಕೆಲಸಕ್ಕೆ, ಬದುಕಿಗೆ ಮರಳುತ್ತಾರೆ ಎಂದು ಅದು ತೋರಿಸಿತು.

ಹಾಗಾದರೆ ತೊಡಕು ಎಲ್ಲಿದೆ? ಒಂದು ದಿನವನ್ನು ಹತ್ತಿರದಿಂದ ನೋಡೋಣ. ಸಿದ್ದಾಪುರದ ಆಚೆಯ ತೋಟವೊಂದರ ಲೈನ್ ಮನೆಯಲ್ಲಿರುವ ಹೆಣ್ಣುಮಗಳು ಅಂದುಕೊಳ್ಳಿ. ತಿಂಗಳಿಗೊಮ್ಮೆ ಮಾತ್ರೆ ತರಬೇಕು. ಹಿಂದಿನ ದಿನವೇ ತೋಟದ ಲೆಕ್ಕ ಬರೆಯುವ ರೈಟರಿಗೆ ರಜೆ ಹೇಳಬೇಕು. ಯಾಕೆ ಅಂತ ಕೇಳಿದರೆ ‘ಹೊಟ್ಟೆನೋವು’ ಅನ್ನಬೇಕು. ತೋಟದ ದಾರಿಯಲ್ಲಿ ನಡೆದು ರಸ್ತೆಗೆ ಬಂದರೆ ಸಿಗುವುದು ಹೆಚ್ಚಾಗಿ ಖಾಸಗಿ ಬಸ್ಸು, ಅಲ್ಲಿ ಶಕ್ತಿ ಯೋಜನೆಯ ಉಚಿತ ಟಿಕೆಟ್ ನಡೆಯೋದಿಲ್ಲ. ಆಸ್ಪತ್ರೆಯಲ್ಲಿ ಚೀಟಿಯ ಸಾಲು, ಡಾಕ್ಟರ ಸಾಲು, ಮಾತ್ರೆಯ ಸಾಲು. ಡಾಕ್ಟರ ಎದುರು ಕೂತದ್ದು ಐದು ನಿಮಿಷ. ‘ನಿದ್ದೆ ಬರ್ತದಾ? ಊಟ ಸೇರ್ತದಾ?’ ಮುಗಿಯಿತು. ಕಾಫಿ ಕುಯ್ಲಿನ ಕಾಲವಾದರೆ ಆ ದಿನ ಕುಯ್ಯಬಹುದಾಗಿದ್ದ ಹಣ್ಣಿನ ಕೆಜಿ ಲೆಕ್ಕವೂ ಹೋಯಿತು. ಮಾತ್ರೆ ನಿದ್ದೆ ಬರಿಸುತ್ತದೆ, ಸರಿ. ಬೆಳಿಗ್ಗೆ ಏಳೋಕೇ ಆಗದಷ್ಟು ಮಂಪರು ಬಂದರೆ ಏನು ಮಾಡಬೇಕು? ‘ಮಂಡೆ ಸರಿ ಇಲ್ಲದವಳು’ ಅಂತ ಪಕ್ಕದ ಲೈನಿನವರು ಮಕ್ಕಳನ್ನು ದೂರ ಎಳೆದುಕೊಂಡರೆ? ಆ ಐದು ನಿಮಿಷದಲ್ಲಿ ಇದನ್ನೆಲ್ಲ ಕೇಳುವುದು ಹೇಗೆ?

ಮೂರನೇ ತಿಂಗಳಿಗೆ ಆಕೆ ಹೋಗುವುದನ್ನೇ ಬಿಡುತ್ತಾಳೆ. ಮಾತ್ರೆ ಇಲ್ಲ ಅಂತಲ್ಲ, ಮಾತ್ರೆಗೂ ಮನೆಗೂ ನಡುವೆ ಕೈ ಹಿಡಿಯುವವರು ಯಾರೂ ಇಲ್ಲ ಅಂತ. ಮನೋವೈದ್ಯರ ಸಂಖ್ಯೆ ನಾಲ್ಕರಿಂದ ಹದಿನೇಳಾದರೂ ಈ ಜಾಗ ತಾನಾಗಿ ತುಂಬುವುದಿಲ್ಲ. ಜೊತೆಯವರ ಗುಂಪಿಗೆ ಕೆಲಸ ಇರುವುದು ಇಲ್ಲಿ.

ಕಾನೂನು ಏನು ಹೇಳುತ್ತದೆ, ಎಲ್ಲಿ ಬಾಯಿ ಮುಚ್ಚಿಕೊಂಡಿದೆ

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ ತಿಂಗಳಲ್ಲಿ ಜಾರಿಗೆ ಬಂತು. ಜನರಿಗೆ ಮೊದಲು ಬರುವ ಅನುಮಾನವೇ ಅದರಲ್ಲಿ ಬಗೆಹರಿದಿದೆ. ಕಾಯಿಲೆ ಇದ್ದವರು ಸಂಘ ಕಟ್ಟಬಹುದಾ, ಸಹಿ ಹಾಕಬಹುದಾ? ಹಾಕಬಹುದು. ಕಾಯಿಲೆ ಇದೆ ಎಂದ ಮಾತ್ರಕ್ಕೆ ಒಬ್ಬರನ್ನು ‘ಬುದ್ಧಿ ಸ್ವಾಧೀನದಲ್ಲಿಲ್ಲದವರು’ ಎನ್ನುವಂತಿಲ್ಲ, ಅದನ್ನು ನ್ಯಾಯಾಲಯವೇ ಘೋಷಿಸಬೇಕು ಎನ್ನುತ್ತದೆ 3ನೇ ಸೆಕ್ಷನ್. ಚಿಕಿತ್ಸೆಯ ವಿಚಾರದಲ್ಲಿ ತೀರ್ಮಾನ ತೆಗೆದುಕೊಳ್ಳುವ ಸಾಮರ್ಥ್ಯ ಅವರಿಗೆ ಇದೆ ಎಂದೇ ಮೊದಲು ಭಾವಿಸಬೇಕು ಎನ್ನುತ್ತದೆ 4ನೇ ಸೆಕ್ಷನ್. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ಕಟ್ಟಲು 7 ಜನ ಸಾಕು.

ಎರಡನೇ ಅನುಮಾನ: ಗುಂಪು ಸೇರಲು ಲೈಸೆನ್ಸ್ ಬೇಕಾ? ಕಾಯಿಲೆಯವರನ್ನು ಸೇರಿಸಿಕೊಂಡು, ಇರಿಸಿಕೊಂಡು ಆರೈಕೆ ಮಾಡುವ ಜಾಗಗಳಿಗೆ ಈ ಕಾಯ್ದೆಯಡಿ ನೋಂದಣಿ ಬೇಕು. ವಾರಕ್ಕೊಮ್ಮೆ ಎರಡು ಗಂಟೆ ಕೂತು, ಚಾ ಕುಡಿದು, ಮಾತಾಡಿ ಎದ್ದು ಹೋಗುವ ಗುಂಪು ಆ ವ್ಯಾಖ್ಯೆಗೆ ಬರುವುದಿಲ್ಲ. ‘ರಾತ್ರಿ ಇಲ್ಲೇ ಇರಲಿ’ ಎಂದು ಯಾರನ್ನಾದರೂ ಉಳಿಸಿಕೊಳ್ಳಲು ಶುರು ಮಾಡಿದ ದಿನ ಕಥೆ ಬೇರೆ. ಆ ಗೆರೆ ದಾಟಬಾರದು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಸರಪಳಿ ಬಿಗಿದಿದ್ದ ಇಪ್ಪತ್ತೈದಕ್ಕೂ ಹೆಚ್ಚು ಜನ ಬೆಂಕಿಯಲ್ಲಿ ಸತ್ತರು. ಆರೈಕೆಯ ಹೆಸರಿನಲ್ಲಿ ಯಾರ ಕಣ್ಣಿಗೂ ಬೀಳದೆ ನಡೆಯುವ ಜಾಗಗಳು ಏನಾಗಬಹುದು ಎಂದು ದೇಶ ಕಂಡಿದೆ.

ಕಾಯ್ದೆ ಮೌನವಾಗಿರುವುದು ಬೇರೆ ಕಡೆ. ಕಾಯಿಲೆಯವರ ವಿಷಯ ಗುಟ್ಟಾಗಿ ಇಡಬೇಕು ಎಂಬ 23ನೇ ಸೆಕ್ಷನ್ನಿನ ಕರ್ತವ್ಯ ಇರುವುದು ಆರೋಗ್ಯ ವೃತ್ತಿಪರರ ಮೇಲೆ. ಗುಂಪಿನಲ್ಲಿ ಕೂತ ಜೊತೆಗಾರರು ವೃತ್ತಿಪರರಲ್ಲ. ಅವರು ಹೊರಗೆ ಹೋಗಿ ಬಾಯಿಬಿಟ್ಟರೆ ಈ ಸೆಕ್ಷನ್ ಹಿಡಿದು ಕೇಳುವುದು ಕಷ್ಟ. ಗುಂಪು ತನ್ನ ಕಟ್ಟುಪಾಡನ್ನು ತಾನೇ ಮಾಡಿಕೊಳ್ಳಬೇಕು.

ಇನ್ನೊಂದು ಕಡೆ ಒಂದೇ ಪದ ಆಟ ಆಡಿದೆ. ಕಾಯಿಲೆಯವರ ಹಕ್ಕಿನ ದೂರು ಕೇಳುವ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗಳಲ್ಲಿ ಎರಡು ಕುರ್ಚಿ ಕಾಯಿಲೆ ಇದ್ದವರಿಗೆ ‘ಅಥವಾ’ ಆರೈಕೆ ಮಾಡುವವರಿಗೆ ‘ಅಥವಾ’ ಅವರ ಸಂಘಟನೆಗಳಿಗೆ ‘ಅಥವಾ’ ಈ ಕ್ಷೇತ್ರದ ಎನ್‌ಜಿಒಗಳಿಗೆ ಎಂದಿದೆ. ನಾಲ್ಕರಲ್ಲಿ ಯಾರನ್ನು ಕೂರಿಸಿದರೂ ಕಾನೂನು ಪಾಲಿಸಿದಂತೆಯೇ. ಕಾಯಿಲೆ ಕಂಡವರು ಒಬ್ಬರೂ ಇಲ್ಲದ ಮಂಡಳಿ ಕಾಗದದ ಮೇಲೆ ಸಂಪೂರ್ಣ ಸರಿ ಇರಬಹುದು. ‘ನಮ್ಮನ್ನು ಬಿಟ್ಟು ನಮ್ಮ ಬಗ್ಗೆ ತೀರ್ಮಾನ ಬೇಡ’ ಎಂದು ಕಾಯಿಲೆಯ ಅನುಭವಸ್ಥರು ಮತ್ತೆ ಮತ್ತೆ ಕೇಳುವುದಕ್ಕೆ ಕಾರಣ ಇಂಥ ‘ಅಥವಾ’ಗಳೇ.

ಯಾರ ವಾದ ಏನು?

ವೈದ್ಯರಲ್ಲಿ ಕೆಲವರಿಗೆ ಅಳುಕಿದೆ. ‘ನಾನು ಮಾತ್ರೆ ಬಿಟ್ಟೆ, ಏನೂ ಆಗಲಿಲ್ಲ, ನೀನೂ ಬಿಡು’ ಎಂದು ಗುಂಪಿನಲ್ಲಿ ಒಬ್ಬರು ಹೇಳಿದರೆ? ಸಾಯುವ ಮಾತಾಡುವವರು ಎದುರು ಕೂತಾಗ ತರಬೇತಿ ಇಲ್ಲದವರು ಏನು ಮಾಡುತ್ತಾರೆ? ಇನ್ನೊಬ್ಬರ ಕಥೆ ಕೇಳಿ ಕೇಳಿ ಜೊತೆಗಾರರಿಗೇ ಕಾಯಿಲೆ ಮರುಕಳಿಸಿದರೆ? ಇವು ತಳ್ಳಿಹಾಕುವ ಪ್ರಶ್ನೆಗಳಲ್ಲ. ಲೀಥಿಯಂನಂಥ ಮಾತ್ರೆಯನ್ನು ದಿಢೀರನೆ ನಿಲ್ಲಿಸಿದರೆ ಕಾಯಿಲೆ ಜೋರಾಗಿ ತಿರುಗಿ ಬರಬಹುದು.

ಅನುಭವಸ್ಥರ ವಾದ ಬೇರೆ ಕಡೆಯಿಂದ ಬರುತ್ತದೆ. ಮಾತ್ರೆಯಿಂದ ಮೈ ದಪ್ಪವಾದದ್ದು, ಬಾಯಿ ಒಣಗಿದ್ದು, ಮದುವೆ ಮಾತುಕತೆಯಲ್ಲಿ ಮುಚ್ಚಿಡಬೇಕಾದದ್ದು, ಆಸ್ಪತ್ರೆಯಿಂದ ಬಂದ ಮೇಲೆ ಮನೆಯಲ್ಲಿ ಕತ್ತಿ ಮುಟ್ಟಲೂ ಬಿಡದಿದ್ದದ್ದು, ಇದೆಲ್ಲ ಪುಸ್ತಕದಲ್ಲಿ ಓದಿದವರಿಗೆ ಮಾಹಿತಿ, ಉಂಡವರಿಗೆ ಬದುಕು. ಇನ್ನೊಂದು ಸಂಗತಿ ಯಾವ ಡಾಕ್ಟರೂ ಕೊಡಲಾರದ್ದು: ಇದೇ ಕಾಯಿಲೆ ಕಂಡು, ಈಗ ಅಂಗಡಿ ನಡೆಸುತ್ತಿರುವ ಒಬ್ಬ ಮನುಷ್ಯ ಕಣ್ಣೆದುರು ಕೂತಿದ್ದಾನೆ. ‘ನಿಮಗೂ ಆಗ್ತದೆ’ ಎಂಬ ಮಾತು ಅವನ ಬಾಯಲ್ಲಿ ಬಂದಾಗ ತೂಕವೇ ಬೇರೆ.

ಸಂಶೋಧನೆ ಏನು ಹೇಳುತ್ತದೆ? ಎರಡೂ ಕಡೆಯವರು ಅಂದುಕೊಂಡಷ್ಟು ದೊಡ್ಡದಾಗಿ ಏನೂ ಹೇಳುವುದಿಲ್ಲ. ವೈದ್ಯಕೀಯ ಸಂಶೋಧನೆಗಳನ್ನು ಒಟ್ಟುಗೂಡಿಸಿ ತೂಗುವ ಕೊಕ್ರೇನ್ ಸಂಸ್ಥೆಯ 2013ರ ಪರಿಶೀಲನೆ 11 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿತು. ಅನುಭವಸ್ಥರು ಕೊಟ್ಟ ಸೇವೆ ವೃತ್ತಿಪರರು ಕೊಟ್ಟ ಅದೇ ಬಗೆಯ ಸೇವೆಗಿಂತ ಮೇಲಲ್ಲ, ಕೀಳೂ ಅಲ್ಲ ಎಂದು ಕಂಡಿತು. ತುರ್ತು ಸೇವೆಗೆ ಓಡಿ ಬರುವುದು ಸ್ವಲ್ಪ ಕಡಿಮೆಯಾಗಿತ್ತು. ಆದರೆ ಆ ಪ್ರಯೋಗಗಳು ನಡೆದದ್ದು ಅಮೆರಿಕ, ಆಸ್ಟ್ರೇಲಿಯಾ, ಬ್ರಿಟನ್‌ನಲ್ಲಿ. ಅಲ್ಲಿನ ಊರಿಗೂ ಪೊನ್ನಂಪೇಟೆಗೂ ಅಜಗಜಾಂತರ. ನಮಗೆ ಹತ್ತಿರದ ಅನುಭವ ಗುಜರಾತಿನದು. ಅಲ್ಲಿ 2014ರಿಂದ 2016ರವರೆಗೆ ಆರು ಸರ್ಕಾರಿ ಮಾನಸಿಕ ಆರೋಗ್ಯ ಕೇಂದ್ರಗಳಲ್ಲಿ ಕಾಯಿಲೆಯವರ ಹಕ್ಕುಗಳನ್ನು ಮುಂದಿಟ್ಟು ಸುಧಾರಣೆ ನಡೆಯಿತು. ಅದರ ಭಾಗವಾಗಿ ಜೊತೆಗಾರರ ಗುಂಪುಗಳೂ ಹುಟ್ಟಿದವು. ಸರ್ಕಾರಿ ಆಸ್ಪತ್ರೆಯ ಆವರಣದಲ್ಲೂ ಇದು ನಡೆಯುತ್ತದೆ ಎಂಬುದಕ್ಕೆ ಅದು ಸಾಕ್ಷಿ. ಹೊರಗಿನ ಯೋಜನೆಯ ಆಸರೆ ಇಲ್ಲದೆ ಎಷ್ಟು ಕಾಲ ನಡೆಯುತ್ತದೆ ಎಂಬುದಕ್ಕೆ ಸಾಕ್ಷಿಯಲ್ಲ.

ಮನೆಯವರದು ಮೂರನೇ ಮಾತು, ಹೆಚ್ಚಾಗಿ ಯಾರೂ ಕೇಳದ್ದು. ಆಸ್ತಿ, ಮದುವೆ, ಒಕ್ಕದ (ಕೊಡವ ಮನೆತನದ) ಹೆಸರು, ಎಲ್ಲ ಸೇರಿಕೊಂಡಿರುವ ಕಡೆ ‘ನನಗೆ ಹೀಗಾಗಿತ್ತು’ ಎಂದು ಒಬ್ಬರು ಬಾಯಿಬಿಟ್ಟರೆ ಅದು ಅವರೊಬ್ಬರ ಗುಟ್ಟಾಗಿ ಉಳಿಯುವುದಿಲ್ಲ. ತಂಗಿಯ ಸಂಬಂಧಕ್ಕೂ ಅದು ಅಂಟುತ್ತದೆ ಎಂಬ ಭಯ. ಭಯ ತಪ್ಪು ಎಂದು ಹೇಳುವುದು ಸುಲಭ. ಭಯಕ್ಕೆ ಕಾರಣವೇ ಇಲ್ಲ ಎಂದು ಹೇಳಲಾಗದು.

ಈ ಮೂರು ವಾದಗಳೂ ಒಂದನ್ನೊಂದು ಹೊಡೆದುಹಾಕಬೇಕಿಲ್ಲ. ಡಾಕ್ಟರ ಅಳುಕಿಗೆ ಎರಡು ಕಟ್ಟುಪಾಡು ಸಾಕು. ಗುಂಪಿನಲ್ಲಿ ಯಾರೂ ಯಾರಿಗೂ ಮಾತ್ರೆ ಹೇಳುವುದಿಲ್ಲ, ಬಿಡಿಸುವುದೂ ಇಲ್ಲ. ಮಾತ್ರೆಯ ಬಗ್ಗೆ ದೂರು ಇದ್ದರೆ ಅದನ್ನು ಡಾಕ್ಟರ ಹತ್ತಿರ ಬಾಯಿಬಿಟ್ಟು ಹೇಳಲು ಜೊತೆಗೆ ಹೋಗುತ್ತಾರೆ. ಸಾಯುವ ಮಾತು ಬಂದರೆ ಅದು ಒಬ್ಬರ ಹೆಗಲ ಮೇಲೆ ಉಳಿಯಬಾರದು. ಅವರನ್ನು ಒಂಟಿಯಾಗಿ ಬಿಡದೆ ಇಬ್ಬರು ಜೊತೆಗಿರಬೇಕು, 14416ಕ್ಕೆ ಫೋನು, ಆಸ್ಪತ್ರೆಗೆ ದಾರಿ. ಮನೆಯಲ್ಲಿ ಕೋವಿ ಇರುವುದು, ತೋಟಕ್ಕೆ ಹೊಡೆಯುವ ಕೀಟನಾಶಕ ಕೈಗೆಟಕುವ ಕಡೆ ಇರುವುದು ಕೊಡಗಿನಲ್ಲಿ ಮಾಮೂಲು. ಹಾಗಾಗಿ ‘ಮನಸ್ಸು ಸರಿ ಇಲ್ಲದ ದಿನಗಳಲ್ಲಿ ಅವು ಯಾರ ಹತ್ತಿರ, ಯಾವ ಬೀಗದಲ್ಲಿ ಇರಬೇಕು’ ಎಂಬ ಮಾತು ನೆಮ್ಮದಿಯ ದಿನಗಳಲ್ಲೇ, ಮನೆಯವರನ್ನೂ ಕೂರಿಸಿಕೊಂಡು ಮುಗಿಯಬೇಕು.

ಎಲ್ಲರಿಗೂ ಎಲ್ಲರೂ ಗೊತ್ತಿರುವ ಜಿಲ್ಲೆ

ದೊಡ್ಡ ನಗರದಲ್ಲಿ ಇಂಥ ಗುಂಪಿಗೆ ಹೋಗುವವರಿಗೆ ಒಂದು ಅನುಕೂಲ ಇದೆ. ಅಲ್ಲಿ ಯಾರಿಗೂ ಯಾರೂ ಗೊತ್ತಿಲ್ಲ. ಕೊಡಗಿನಲ್ಲಿ ಬಸ್ ಹತ್ತಿದರೆ ಮೊದಲ ಪ್ರಶ್ನೆಯೇ ‘ಎಲ್ಲಿಗೆ?’ ಎರಡನೆಯದು ‘ಯಾರ ಮನೆಯವರು?’ ಮನೆತನದ ಹೆಸರು ಹೇಳಿದ ಕೂಡಲೇ ಅಜ್ಜನ ಕಾಲದವರೆಗೆ ಜಾತಕ ಬಿಚ್ಚಿಕೊಳ್ಳುತ್ತದೆ. ಇಂಥ ಕಡೆ ‘ಮಾನಸಿಕ ಆಸರೆ ಕೇಂದ್ರ’ ಎಂದು ಬೋರ್ಡ್ ಹಾಕಿ, ಬಾಗಿಲು ತೆರೆದು ಕೂತರೆ ಬರುವುದು ನೊಣ ಮಾತ್ರ.

ಅದಕ್ಕೆ ಸಂತೆ ದಿನ ಒಂದು ದಾರಿ. ಮಡಿಕೇರಿಗೆ ಶುಕ್ರವಾರ, ಗೋಣಿಕೊಪ್ಪಕ್ಕೆ ಭಾನುವಾರ, ವಿರಾಜಪೇಟೆಗೆ ಬುಧವಾರ. ಸಂತೆಗೆ ಹೊರಟವರನ್ನು ಯಾಕೆ ಅಂತ ಯಾರೂ ಕೇಳೋದಿಲ್ಲ. ಕೈಯಲ್ಲಿ ಚೀಲ ಇದ್ದರೆ ಸಾಕು. ಸಂತೆಯ ಹತ್ತಿರದಲ್ಲೇ, ಹೊಲಿಗೆ ತರಬೇತಿಯೋ ವಾಚನಾಲಯವೋ ನಡೆಯುವ ಮಾಮೂಲು ಕಟ್ಟಡದ ಒಂದು ಕೋಣೆ, ಎರಡು ಗಂಟೆ. ವಾಪಸ್ ಹೋಗುವಾಗ ಚೀಲದಲ್ಲಿ ಒಣಮೀನು, ಸೊಪ್ಪು. ತೋಟದ ಕೆಲಸಕ್ಕೂ ಸಂತೆ ದಿನಕ್ಕೂ ಮೊದಲೇ ಹೊಂದಾಣಿಕೆ ಇರುವುದರಿಂದ ಕೂಲಿ ಕಳೆದುಕೊಳ್ಳುವುದೂ ಕಡಿಮೆ.

ಇದಕ್ಕಿಂತ ಗಟ್ಟಿ ತೊಡಕು ಇನ್ನೊಂದು. ಕಾಯಿಲೆ ಎಲ್ಲರಿಗೂ ಬರುತ್ತದೆ, ನಿಜ. ಆದರೆ ಒಂದೇ ಸುತ್ತಿನಲ್ಲಿ ತೋಟದ ಮಾಲೀಕರೂ ಅವರದೇ ಲೈನಿನ ಕೆಲಸದವರೂ ಕೂತರೆ ಏನಾಗುತ್ತದೆ? ಮಾಲೀಕರು ‘ಬನ್ನಿ, ಕೂತ್ಕೊಳ್ಳಿ’ ಎನ್ನುತ್ತಾರೆ. ಕೆಲಸದವರು ‘ಇರ್ಲಿ ಬಿಡಿ ಧಣಿ’ ಎಂದು ಗೋಡೆಗೆ ಒರಗಿ ನಿಲ್ಲುತ್ತಾರೆ. ಕುರ್ಚಿ ಖಾಲಿ ಇರುತ್ತದೆ. ಅವರ ನಿದ್ದೆ ಕೆಡಿಸಿದ್ದು ಆ ಮಾಲೀಕರಿಂದ ಪಡೆದ ಮುಂಗಡದ ಸಾಲವೇ ಆಗಿದ್ದರೆ ಆ ಕೋಣೆಯಲ್ಲಿ ಬಾಯಿಬಿಡಲು ಸಾಧ್ಯವೇ ಇಲ್ಲ. ‘ಸಮಾನ ಅನುಭವ’ ಎಂಬ ಮಾತು ಇಲ್ಲಿ ಕುಂಟುತ್ತದೆ. ಕಾಯಿಲೆಯ ಹೆಸರು ಒಂದೇ ಆದ ಮಾತ್ರಕ್ಕೆ ಇಬ್ಬರೂ ಸಮಾನರಾಗುವುದಿಲ್ಲ.

ಭಾಷೆಯೂ ಹಾಗೆಯೇ. ಕೊಡವ ತಕ್ಕ್, ಅರೆಭಾಷೆ, ಎರವ ನುಡಿ, ಮಲಯಾಳ, ತುಳು, ಈಗ ಲೈನ್ ಮನೆಗಳಲ್ಲಿ ಅಸ್ಸಾಮಿನಿಂದ ಬಂದವರ ಮಾತು. ಕಚೇರಿಗೆ ಕನ್ನಡ ಸರಿ. ‘ಎದೆ ಒಳಗೆ ಏನೋ ಕೂತ ಹಾಗೆ ಆಗ್ತದೆ’ ಎಂದು ಹೇಳುವುದಕ್ಕೆ ಮನೆಮಾತೇ ಬೇಕು. ಜಿಲ್ಲೆಗೊಂದು ದೊಡ್ಡ ಗುಂಪು ಮಾಡಿ ಉದ್ಘಾಟನೆ ಮಾಡುವುದಕ್ಕಿಂತ, ಹಾಡಿಯದು ಹಾಡಿಗೆ, ಲೈನಿನದು ಲೈನಿಗೆ, ಊರಿನದು ಊರಿಗೆ ಎಂದು ಐದಾರು ಜನರ ಚಿಕ್ಕ ಚಿಕ್ಕ ಗುಂಪುಗಳೇ ವಾಸಿ. ಅವುಗಳ ಪ್ರತಿನಿಧಿಗಳು ತಿಂಗಳಿಗೊಮ್ಮೆ ಸೇರಲಿ. ನಿವೃತ್ತ ಸೈನಿಕರಿಗೆ ತಮ್ಮದೇ ಗುಂಪು ಬೇಕೆನಿಸಬಹುದು. ಕೊಡಗಿನಲ್ಲಿ ಅದಕ್ಕೆ ಜನ ಕಡಿಮೆಯಿಲ್ಲ, ಗಡಿಯಲ್ಲಿ ಕಂಡದ್ದನ್ನು ಹೆಂಡತಿಗೂ ಹೇಳದವರು ಅವರು.

2018ರ ಆಗಸ್ಟ್ ಬಿಟ್ಟುಹೋದದ್ದು

ಜೋಡುಪಾಲ, ಮಕ್ಕಂದೂರು ಕಡೆ 2018ರಲ್ಲಿ ಗುಡ್ಡ ಕುಸಿಯಿತು. ಮರುವರ್ಷ ತೋರದಲ್ಲಿ, 2020ರಲ್ಲಿ ತಲಕಾವೇರಿಯಲ್ಲಿ. ಆಗ ಪರಿಹಾರ ಕೇಂದ್ರಗಳಿಗೆ ಹೊರಗಿನಿಂದ ಸಮಾಲೋಚಕರು ಬಂದರು, ಹೋದರು. ಮನೆ ಕಳೆದುಕೊಂಡವರಿಗೆ ಜಂಬೂರು, ಕರ್ಣಂಗೇರಿ, ಮದೆನಾಡುಗಳಲ್ಲಿ ಹೊಸ ಮನೆಗಳಾದವು. ಸೂರು ಸಿಕ್ಕಿತು. ಆದರೆ ಹಳೆಯ ಊರಿನಲ್ಲಿ ಕೂಗಿದರೆ ಕೇಳುವಷ್ಟು ದೂರದಲ್ಲಿದ್ದ ನೆರೆಮನೆ ಈಗ ಬೇರೆ ಬಡಾವಣೆಯಲ್ಲಿದೆ.

ಇಂಥ ಹೆದರಿಕೆ ತಾರೀಕು ನೋಡಿ ಬರುತ್ತದೆ. ಜುಲೈ ಕೊನೆಯಲ್ಲಿ ರಾತ್ರಿಯಿಡೀ ಮಳೆ ಹೊಡೆದರೆ ನಿದ್ದೆ ಹಾರುತ್ತದೆ, ಮನೆಯ ಕಾಗದಪತ್ರದ ಚೀಲ ಬಾಗಿಲ ಹತ್ತಿರ ಬರುತ್ತದೆ. ಹೊರಗಿನವರಿಗೆ ಇದು ‘ಆತಂಕದ ಲಕ್ಷಣ’. ಅಲ್ಲಿದ್ದವರಿಗೆ ಇದು ಬುದ್ಧಿವಂತಿಕೆಯೂ ಹೌದು. ಯಾವುದು ಕಾಯಿಲೆ, ಯಾವುದು ಎಚ್ಚರ ಎಂದು ಬಿಡಿಸಿ ಹೇಳುವುದು ಅದೇ ಮಣ್ಣು ಜಾರಿದ್ದನ್ನು ಕಂಡವರಿಗೆ ಜಾಸ್ತಿ ಸುಲಭ.

ದುಡ್ಡು, ಬಾಡಿಗೆ, ಬೀಗದ ಕೈ

ಮುಂದೇನಾಗಬಹುದು? ಎರಡು ದಾರಿ ಕಾಣುತ್ತವೆ.

ಗುಂಪುಗಳು ನಿಂತರೆ ಮೊದಲು ಕಾಣುವ ಲಾಭ ದೊಡ್ಡದೇನಲ್ಲ, ಚಿಕ್ಕ ಚಿಕ್ಕವು. ಒಬ್ಬರು ನಾಲ್ಕು ಜನರ ಚೀಟಿ ಹಿಡಿದು ಹೋಗಿ ಮಾತ್ರೆ ತರಬಹುದಾ ಎಂದು ಆಸ್ಪತ್ರೆಯ ಜೊತೆ ಮಾತಾಡುವುದು. ನಿದ್ದೆ ತಪ್ಪಿತು, ಮಾತು ಜಾಸ್ತಿಯಾಯಿತು ಎಂದು ಮನೆಯವರಿಗಿಂತ ಮೊದಲೇ ಗುರುತು ಹಿಡಿಯುವುದು. ಅಂಗವಿಕಲರ ಕಾಗದಪತ್ರಕ್ಕೆ ಜೊತೆಗೆ ಓಡಾಡುವುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ, ಅಂಗವೈಕಲ್ಯದ ಪ್ರಮಾಣ ಶೇ. 40ಕ್ಕಿಂತ ಕಡಿಮೆ ಇಲ್ಲದಿದ್ದರೆ ಹಲವು ಸೌಲಭ್ಯಗಳಿವೆ. ಇದು ಗೊತ್ತಿರುವವರೇ ಕಡಿಮೆ, ಗೊತ್ತಿದ್ದು ಅರ್ಜಿ ಹಾಕುವವರು ಇನ್ನೂ ಕಡಿಮೆ. ಕಾರಣ ನಾಚಿಕೆ.

ಇನ್ನೊಂದು ದಾರಿ ಹೀಗಿರಬಹುದು. ಇಲಾಖೆಗೆ ಗುಂಪು ಇಷ್ಟವಾಗುತ್ತದೆ. ‘ನಿಮ್ಮವರೇ ಮನೆಮನೆ ಸರ್ವೇ ಮಾಡಿಕೊಡಿ’ ಎನ್ನುತ್ತದೆ. ರಿಜಿಸ್ಟರ್ ಬರುತ್ತದೆ, ಗುರಿ ಬರುತ್ತದೆ, ಫೋಟೋ ಅಪ್‌ಲೋಡ್ ಮಾಡುವ ಆ್ಯಪ್ ಬರುತ್ತದೆ. ಸಂಬಳ ಮಾತ್ರ ‘ಗೌರವಧನ’. ಆರು ತಿಂಗಳಲ್ಲಿ ಮುಯ್ಯಾಳು ಹೋಗಿ ಬಿಟ್ಟಿ ಆಳು ಉಳಿಯುತ್ತದೆ. ಗೌರವಧನ, ಗುರಿ, ರಿಜಿಸ್ಟರ್ ಒಟ್ಟಿಗೆ ಬಂದರೆ ಹೇಗಿರುತ್ತದೆ ಎಂದು ಆಶಾ ಕಾರ್ಯಕರ್ತೆಯರನ್ನು ಕೇಳಿದರೆ ಗೊತ್ತಾಗುತ್ತದೆ. ಎನ್‌ಜಿಒ ಕೈಗೆ ಹೋದರೂ ಅಪಾಯ ಇದೆ. ಮೂರು ವರ್ಷದ ಯೋಜನೆ ಮುಗಿದ ದಿನ ಕೋಣೆಗೆ ಬೀಗ.

ಹಾಗೆಂದು ದುಡ್ಡೇ ಬೇಡ ಎನ್ನುವುದು ಉಳ್ಳವರ ಮಾತು. ಕೂಲಿ ಬಿಟ್ಟು ಬಂದು ಗುಂಪು ನಡೆಸುವವರಿಗೆ ಆ ದಿನದ ಕೂಲಿ ಸಿಗಬೇಕು, ಬಸ್ ಖರ್ಚು ಸಿಗಬೇಕು. ಅವರಿಗೇ ಕಾಯಿಲೆ ಮರುಕಳಿಸಿದರೆ ಎರಡು ತಿಂಗಳು ಬಿಡುವು ಸಿಗಬೇಕು, ತಿರುಗಿ ಬಂದಾಗ ಜಾಗ ಖಾಲಿ ಇರಬೇಕು. ಪ್ರಶ್ನೆ ದುಡ್ಡು ಬರಬೇಕಾ ಬೇಡವಾ ಎಂಬುದಲ್ಲ, ಖರ್ಚಿನ ಸಹಿ ಯಾರದು ಎಂಬುದು. ಪಂಚಾಯಿತಿ ಕೋಣೆ ಕೊಡಲಿ, ಇಲಾಖೆ ಅನುದಾನ ಕೊಡಲಿ, ತೋಟಗಾರರು ಚಾ-ಬಿಸ್ಕತ್ತಿನ ಖರ್ಚು ಕೊಡಲಿ. ಬ್ಯಾಂಕ್ ಪುಸ್ತಕವೂ ಬೀಗದ ಕೈಯೂ ಗುಂಪಿನವರ ಹತ್ತಿರವೇ ಇರಲಿ. ಲೆಕ್ಕ ಮಾತ್ರ ಎಲ್ಲರೆದುರು ಗೋಡೆಯ ಮೇಲೆ ಬರೆದಿರಲಿ. ಕೊಡಗಿನ ಸ್ತ್ರೀಶಕ್ತಿ ಸಂಘಗಳ ಹೆಂಗಸರಿಗೆ ಇದನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಿಲ್ಲ.

ಮೊದಲ ಮಳೆಗಾಲ

ಇಂಥ ಗುಂಪು ಗಟ್ಟಿಯೋ ಪೊಳ್ಳೋ ಎಂದು ಗೊತ್ತಾಗುವುದು ಉದ್ಘಾಟನೆಯ ದಿನವಲ್ಲ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಆಗ ಸಂತೆ ಸೊರಗುತ್ತದೆ, ಮರ ಬಿದ್ದು ರಸ್ತೆ ಮುಚ್ಚುತ್ತದೆ, ವಾರಗಟ್ಟಲೆ ಕರೆಂಟಿಲ್ಲ, ಮೊಬೈಲಿಗೆ ಸಿಗ್ನಲ್ಲಿಲ್ಲ. ಟೆಲಿ ಮಾನಸ್‌ಗೆ ಫೋನೇ ಹೋಗುವುದಿಲ್ಲ. ಬಿಸಿಲು ಕಾಣದ ದಿನಗಳಲ್ಲಿ ಮನಸ್ಸೂ ಕುಗ್ಗುತ್ತದೆ, ಕುಡಿತವೂ ಏರುತ್ತದೆ. ಆಸರೆ ಜಾಸ್ತಿ ಬೇಕಾಗುವುದೂ ಆಗಲೇ, ಸಿಗದಿರುವುದೂ ಆಗಲೇ.

ಹಾಗಾಗಿ ಮೇ ತಿಂಗಳ ಕೊನೆಯ ಸಭೆಯಲ್ಲಿ ಮಾಡಬೇಕಾದ ಕೆಲಸ ಸ್ವಲ್ಪ ಇದೆ. ಯಾರ ಹತ್ತಿರ ಎಷ್ಟು ದಿನದ ಮಾತ್ರೆ ಇದೆ ಎಂದು ಎಣಿಸಿ, ಎರಡು ತಿಂಗಳದ್ದು ಒಟ್ಟಿಗೆ ಕೊಡಲು ಡಾಕ್ಟರನ್ನು ಕೇಳುವುದು. ನಡೆದು ಹೋಗುವಷ್ಟು ದೂರದಲ್ಲಿರುವ ಇಬ್ಬಿಬ್ಬರನ್ನು ಜೋಡಿ ಮಾಡುವುದು. ಆ ಜೋಡಿಯಲ್ಲಿ ಒಬ್ಬರು ಮೂರು ದಿನ ಕಾಣದಿದ್ದರೆ ಇನ್ನೊಬ್ಬರು ಕೊಡೆ ಬಿಚ್ಚಿಕೊಂಡು ಅವರ ಮನೆಯವರೆಗೆ ಹೋಗಿ, ಅಂಗಳದಲ್ಲಿ ನಿಂತು ಹೆಸರು ಹಿಡಿದು ಕೂಗಬೇಕು. ಒಳಗಿನಿಂದ ‘ಓ’ ಎಂದರೆ, ಆ ದಿನದ ಮಟ್ಟಿಗೆ ಸಾಕು.